ಬೆಳೆಯದ ಚುಕ್ಕಿಗಳು

ಮಂಜಾ,

ನನ್ನ ಮೆಸೇಜು ನೀನು ತೆರೆಯುವುದು ಯುಗಾದಿಗೊಮ್ಮೆ. ಅದಕ್ಕೇ ಎಲ್ಲರ ಎದುರಿಗೇ ಬರೆಯುತ್ತಿದ್ದೇನೆ. ಉಳಿದವರೂ ಓದಲಿ. ಮೂರನೇ ಬೆಂಚಿನ ವಿಷಯ ಮಾತ್ರ ನಮ್ಮಲ್ಲೇ ಇರಲಿ.

ಹೋದ ವಾರ ಖೋಡದ್‌ಗೆ ಹೋಗಿದ್ದೆ. ಪುಣೆಯಿಂದ ಸುಮಾರು 80 ಕಿಲೋಮೀಟರು, ನಾರಾಯಣಗಾಂವ್ ಹತ್ತಿರ. ಜಿಎಂಆರ್‌ಟಿ ಅನ್ನುವ ರೇಡಿಯೋ ದೂರದರ್ಶಕದ 30 ಡಿಶ್‌ಗಳು, ಒಂದೊಂದೂ 45 ಮೀಟರ್ ಅಗಲ. ಹತ್ತಿರ ಹೋದರೆ ಗಟ್ಟಿ ತಟ್ಟೆಯೇ ಅಲ್ಲ, ತೆಳು ಉಕ್ಕಿನ ತಂತಿಯ ಬಲೆ. ಆಚೆಗಿನ ಮೋಡ ಕಾಣುತ್ತದೆ. ಗಾಳಿಯ ಹೊಡೆತ ಕಡಿಮೆಯಾಗಲಿ, ಖರ್ಚೂ ಉಳಿಯಲಿ ಅಂತ ಇದನ್ನು ಕಟ್ಟಿಸಿದ ವಿಜ್ಞಾನಿ ಗೋವಿಂದ ಸ್ವರೂಪ್ ಹಾಗೆ ಮಾಡಿಸಿದರು. ರೇಡಿಯೋ ಅಲೆಯ ಉದ್ದ ಬಲೆಯ ಕಣ್ಣಿಗಿಂತ ಬಹಳ ಜಾಸ್ತಿ, ಹಾಗಾಗಿ ನುಸುಳುವುದಿಲ್ಲ.

ನಾನೀಗ ನೋಡುತ್ತಿರುವುದು ರೇಡಿಯೋ ಚಿತ್ರಗಳಲ್ಲಿ ಗ್ಯಾಲಕ್ಸಿಗಳ ನಟ್ಟನಡುವೆ ಕಾಣುವ ಮಂಕು ಚುಕ್ಕಿಗಳನ್ನು, ನಕ್ಷತ್ರಗಳನ್ನಲ್ಲ. ದೊಡ್ಡ ರೇಡಿಯೋ ಗ್ಯಾಲಕ್ಸಿಗಳಲ್ಲಿ, ಅಂದರೆ ರೇಡಿಯೋ ಅಲೆ ಜೋರಾಗಿ ಹೊಮ್ಮಿಸುವವುಗಳಲ್ಲಿ, ಕಪ್ಪುಕುಳಿಯ ಹತ್ತಿರದಿಂದ ಹೊರಟ ಜೆಟ್‌ಗಳು (ಕಣಗಳ ಚಿಲುಮೆಗಳು) ಲಕ್ಷಾಂತರ ಜ್ಯೋತಿರ್ವರ್ಷ ಚಾಚಿರುತ್ತವೆ. ಈ ಚುಕ್ಕಿಗಳ ಜೆಟ್‌ಗಳು ತಮ್ಮ ಗ್ಯಾಲಕ್ಸಿ ದಾಟಿಲ್ಲ. ಎಷ್ಟು ಝೂಮ್ ಮಾಡಿದರೂ ಅದೇ ಚುಕ್ಕಿ. ಬೇರೆ ಬೇರೆ ಖಂಡಗಳ ಡಿಶ್‌ಗಳನ್ನು ಜೋಡಿಸಿ ನೋಡಿದಾಗ ಕೆಲವು ಎರಡು ತುದಿಯಾಗಿ ಒಡೆಯುತ್ತವೆ. ಆ ತುದಿಗಳು ದೂರ ಸರಿಯುವ ವೇಗದಿಂದ ವಯಸ್ಸು ಲೆಕ್ಕ ಹಾಕುತ್ತಾರೆ. ಕೆಲವಕ್ಕೆ ಬರೀ ಕೆಲವು ನೂರು ವರ್ಷ! ದೊಡ್ಡವು ಕೋಟಿಗಟ್ಟಲೆ ವರ್ಷ ಬಾಳಿದವು. ಇವು ಹಸುಗೂಸುಗಳು.

ಇನ್ನೂ ಬೆಳೆಯುತ್ತವೆ ಅಂತ ಸಮಾಧಾನ ಅಲ್ವಾ? ಆದರೆ ಲೆಕ್ಕ ತಾಳೆಯಾಗುವುದಿಲ್ಲ. ಎಲ್ಲವೂ ಬೆಳೆಯುವುದಾದರೆ ಎಳೆತನ ಬೇಗ ಮುಗಿಯಬೇಕು, ಚಿಕ್ಕವು ಇಷ್ಟೊಂದು ಇರಬಾರದು. ನಮಗೆ ಹತ್ತಿರದ ರೇಡಿಯೋ ಗ್ಯಾಲಕ್ಸಿಗಳಲ್ಲಂತೂ ಎಫ್‌ಆರ್ ಸೊನ್ನೆ ಅನ್ನುವ ಮಂಕು ಚುಕ್ಕಿಗಳೇ ಜಾಸ್ತಿ. ಬಹಳಷ್ಟು ನಡುವೆಯೇ ಆರಿಹೋಗುತ್ತವೆ ಅನಿಸುತ್ತದೆ. ಕೆಲವಕ್ಕೆ ಸುತ್ತಲಿನ ದಟ್ಟ ಅನಿಲ ದಾರಿ ಬಿಡುವುದಿಲ್ಲ. ಕೆಲವು ಆರಿ ಮತ್ತೆ ಹೊತ್ತಿಕೊಳ್ಳುತ್ತವೆ. ಚಿಕ್ಕ ವಯಸ್ಸೋ, ಸಿಕ್ಕಿಹಾಕಿಕೊಂಡದ್ದೋ, ಒಂದು ಚಿತ್ರ ನೋಡಿ ಹೇಳಲು ಬರುವುದಿಲ್ಲ.

ಇದು ರಾತ್ರಿ ನಿದ್ದೆ ಕೆಡಿಸುತ್ತಿದೆ. ಮಾರ್ಚ್‌ಗೆ ನನ್ನ ಕೆಲಸದ ಅವಧಿ ಮುಗಿಯುತ್ತದೆ. ಅಮ್ಮನಿಗೆ ಹೇಳಿಲ್ಲ. 'ಪರ್ಮನೆಂಟ್ ಆಯ್ತಾ?' ಅಂತ ಫೋನಿನಲ್ಲಿ ಕೇಳುತ್ತಾಳೆ. 'ಆಗುತ್ತೆ ಬಿಡಮ್ಮ' ಅನ್ನುತ್ತೇನೆ. ಆಮೇಲೆ ಇಬ್ಬರೂ ಮಳೆಯ ಮಾತಾಡುತ್ತೇವೆ.

ಇಷ್ಟೆಲ್ಲ ಬರೆಯಬೇಕೆಂದಿರಲಿಲ್ಲ. ಇರಲಿ. ನೀನು ದೀಪಾವಳಿಗೆ ಬಾ. ಧಾರವಾಡ ಫೇಡಾ ಒಂದು ಕಿಲೋ ತಾ, ಇಲ್ಲಿ ತಿನ್ನುವವರು ಜಾಸ್ತಿ ಇದ್ದಾರೆ. ಆ ಹಳದಿ ಹೆಲ್ಮೆಟ್ ಮಾತ್ರ ದಯವಿಟ್ಟು ಮನೆಯಲ್ಲೇ ಬಿಟ್ಟು ಬಾ.

ನಿನ್ನ,
ರಘು