ಶೇಕಡಾವಾರು ಫಲಿತಾಂಶದ ಹಿಂದಿರುವ ಮಕ್ಕಳು

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಫಲಿತಾಂಶದ ಮರುದಿನ ಜಿಲ್ಲಾವಾರು ಪಟ್ಟಿ ಎಲ್ಲ ಪತ್ರಿಕೆಗಳಲ್ಲೂ ಅಚ್ಚಾಗುತ್ತದೆ. 2024ರಲ್ಲಿ ಉಡುಪಿ ಶೇ 94ರೊಂದಿಗೆ ಮೊದಲಿದ್ದರೆ ನಮ್ಮ ಯಾದಗಿರಿ ಶೇ 50.59ರೊಂದಿಗೆ ಕೊನೆಯಲ್ಲಿತ್ತು. ಪಟ್ಟಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹತ್ತನೇ ತರಗತಿಯಲ್ಲಿ ಇಪ್ಪತ್ತೋ ಇಪ್ಪತ್ತೈದೋ ಮಕ್ಕಳಿರುವ ಹಳ್ಳಿಯ ಸರ್ಕಾರಿ ಪ್ರೌಢಶಾಲೆಯನ್ನೂ ಅದೇ ಕೋಲಿನಿಂದ ಅಳೆದು, ಮುಖ್ಯ ಶಿಕ್ಷಕರಿಗೆ ಕಾರಣ ಕೇಳಿ ನೋಟಿಸ್ ಕೊಡುವ ಕ್ರಮದ ಬಗ್ಗೆ, ಅಂಥದೊಂದು ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದ ನಾನು ಕೆಲವು ಮಾತು ಹೇಳಬೇಕಿದೆ.

ಇಪ್ಪತ್ತು ಮಕ್ಕಳ ತರಗತಿಯಲ್ಲಿ ಒಬ್ಬನ ತೂಕ ಶೇ 5. ಹೋದ ವರ್ಷ ಹದಿನೆಂಟು ಮಂದಿ ಪಾಸಾಗಿ ಈ ವರ್ಷ ಹದಿನಾಲ್ಕು ಮಂದಿ ಪಾಸಾದರೆ ಫಲಿತಾಂಶ ಶೇ 90ರಿಂದ 70ಕ್ಕೆ ಬೀಳುತ್ತದೆ. ಕಲಿಸಿದವರು ಅವರೇ, ಪುಸ್ತಕವೂ ಅದೇ. ಕಡತದಲ್ಲಿ ಮಾತ್ರ ಅದು ಗುಣಮಟ್ಟದ ಕುಸಿತ.

ಆ ಇಪ್ಪತ್ತು ಮಕ್ಕಳು ಯಾರೆಂದು ಯಾರೂ ಕೇಳುವುದಿಲ್ಲ. ಮೊರಾರ್ಜಿ ದೇಸಾಯಿ ವಸತಿ ಶಾಲೆ ಮತ್ತು ಆದರ್ಶ ವಿದ್ಯಾಲಯಗಳು ಆರನೇ ತರಗತಿಗೆ ಪ್ರವೇಶ ಪರೀಕ್ಷೆಯಿಂದ ಮಕ್ಕಳನ್ನು ಆರಿಸಿಕೊಳ್ಳುತ್ತವೆ. ಆ ಶಾಲೆಗಳ ಮೇಲೆ ನನಗೆ ಗೌರವವೇ ಇದೆ. ಫೀ ಕಟ್ಟಬಲ್ಲವರ ಮಕ್ಕಳು ಪಟ್ಟಣದ ಇಂಗ್ಲಿಷ್ ಮಾಧ್ಯಮ ಶಾಲೆಯ ವ್ಯಾನು ಹತ್ತುತ್ತಾರೆ. ಹೀಗೆ ಎರಡು ಸಲ ಜರಡಿ ಹಿಡಿದ ಮೇಲೆ ಉಳಿದವರು ಎಂಟನೇ ತರಗತಿಗೆ ನಮ್ಮಲ್ಲಿ ಬರುತ್ತಾರೆ. ಅವರಲ್ಲಿ ಹೆಚ್ಚಿನವರು ಕೂಲಿಕಾರರ ಮಕ್ಕಳು. ತಾಂಡಾದಿಂದ ಬಂದವರ ಮನೆಮಾತು ಲಂಬಾಣಿಯಾದರೂ ಅವರು 125 ಅಂಕಗಳ ಪ್ರಥಮ ಭಾಷೆಯ ಪತ್ರಿಕೆಯನ್ನು ಕನ್ನಡದಲ್ಲಿ ಬರೆಯಬೇಕು.

ಇನ್ನು ಹತ್ತಿ ಬಿಡಿಸುವ ಕಾಲ. ದೀಪಾವಳಿ ರಜೆ ಮುಗಿದರೂ ಹಾಜರಿ ಪುಸ್ತಕದಲ್ಲಿ ಅರ್ಧ ಹೆಸರುಗಳ ಮುಂದೆ ಗೈರು ಗುರುತು ಸಾಲಾಗಿ ಬೀಳುತ್ತಿತ್ತು. ಡಿಸೆಂಬರ್ ಕೊನೆಗೆ ಮರಳಿದ ಒಬ್ಬ ಹುಡುಗನ ಬೆರಳ ತುದಿಗಳು ಹತ್ತಿಕಾಯಿಯ ಒಣ ಸಿಪ್ಪೆ ತಾಗಿ ಸೀಳಿದ್ದವು. ಕೈವಾರ ಹಿಡಿಯಲಾರದೆ ಅವನು ಪಕ್ಕದವನಿಂದ ವೃತ್ತ ಎಳೆಸಿಕೊಂಡ. ಕಿಲೋ ಲೆಕ್ಕದಲ್ಲಿ ವಾರದ ಕೂಲಿ ಎಷ್ಟಾಯಿತೆಂದು ಕೇಳಿದರೆ ಬಾಯಲ್ಲೇ ಹೇಳಿದ. ತ್ರಿಕೋನಮಿತಿ ಅವನಿಲ್ಲದಾಗ ಮುಗಿದುಹೋಗಿತ್ತು. ಅಂಥವರಿಗೆ ಜನವರಿಯಿಂದ ನಾವು ಮಾಡುತ್ತಿದ್ದದ್ದು ‘ಪಾಸಿಂಗ್ ಪ್ಯಾಕೇಜ್’: ಸ್ಪರ್ಶಕ ರಚನೆ, ಗ್ರಾಫ್, ಥೇಲ್ಸ್ ಪ್ರಮೇಯವನ್ನು ಬಾಯಿಪಾಠ ಮಾಡಿಸಿ ದಡ ಮುಟ್ಟಿಸುವುದು. ಅದನ್ನು ಕಲಿಸುವುದು ಎನ್ನಲು ನನಗೇ ಸಂಕೋಚ. ಶೇಕಡಾ ಏರಿಸಬೇಕೆಂಬ ಒತ್ತಡದಲ್ಲಿ, ಚೆನ್ನಾಗಿ ಓದುತ್ತಿದ್ದ ಇಬ್ಬರು ಮೂವರು ಹುಡುಗಿಯರಿಗೆ ಕೊಡಬೇಕಾದ ಸಮಯವನ್ನು ನಾನು ಕೊಡಲಿಲ್ಲವೆಂಬುದೂ ನಿಜ.

ಹಳ್ಳಿಯೆಂದರೆ ಹಿಂದುಳಿಯುವುದು ಸಹಜ ಎಂಬ ಸಮಾಧಾನವನ್ನೂ ಅಂಕಿಗಳು ಒಪ್ಪುವುದಿಲ್ಲ. 2024ರಲ್ಲಿ ಗ್ರಾಮೀಣ ವಿದ್ಯಾರ್ಥಿಗಳ ಫಲಿತಾಂಶ ಶೇ 74.17, ನಗರದವರದು ಶೇ 72.83. ದೊಡ್ಡ ಅಂತರವಿದ್ದದ್ದು ಹುಡುಗಿಯರ ಶೇ 81.11 ಮತ್ತು ಹುಡುಗರ ಶೇ 65.90ರ ನಡುವೆ. ಆದ್ದರಿಂದ ಊರು ಯಾವುದು ಎನ್ನುವುದಕ್ಕಿಂತ ತರಗತಿಯಲ್ಲಿ ಯಾರಿದ್ದಾರೆ, ಎಷ್ಟು ದಿನ ಇದ್ದಾರೆ ಎಂದು ಕೇಳಬೇಕು. ಪರೀಕ್ಷೆ ನಡೆಸುವ ರೀತಿ ಬದಲಾದರೂ ಅಂಕಿ ಬದಲಾಗುತ್ತದೆ: ಪರೀಕ್ಷಾ ಕೊಠಡಿಯನ್ನು ಕ್ಯಾಮೆರಾದಲ್ಲಿ ನೇರವಾಗಿ ಗಮನಿಸುವ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ, ಹೆಚ್ಚುವರಿ ಕೃಪಾಂಕ ಕೊಟ್ಟ ಮೇಲೂ, ಶೇ 73.40ಕ್ಕೆ ಇಳಿಯಿತು.

ಶಿಕ್ಷಕರಿಗೆ ಹೊಣೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಸಣ್ಣ ಶಾಲೆಗಳ ಫಲಿತಾಂಶವನ್ನು ಮೂರು ವರ್ಷದ್ದು ಒಟ್ಟಿಗೆ ಲೆಕ್ಕ ಹಾಕಲಿ. ಎಂಟನೇ ತರಗತಿಗೆ ಬಂದಾಗ ಮಕ್ಕಳ ಓದು, ಲೆಕ್ಕ ಎಷ್ಟಿತ್ತು, ಸುಗ್ಗಿಯ ತಿಂಗಳುಗಳಲ್ಲಿ ಹಾಜರಿ ಎಷ್ಟಿತ್ತು, ಯಾವ ವಿಷಯಕ್ಕೆ ಎಷ್ಟು ತಿಂಗಳು ಶಿಕ್ಷಕರಿರಲಿಲ್ಲ ಎಂಬುದನ್ನು ಅದರ ಪಕ್ಕದಲ್ಲೇ ನಮೂದಿಸಲಿ. ತಂದೆತಾಯಿ ಗುಳೆ ಹೋದಾಗ ಹತ್ತನೇ ತರಗತಿಯ ಮಕ್ಕಳು ಊರಲ್ಲೇ ಉಳಿದು ಓದಲು ಅಕ್ಟೋಬರ್‌ನಿಂದ ಜನವರಿವರೆಗಾದರೂ ಊಟ, ವಸತಿಯ ಏರ್ಪಾಡು ಆಗಲಿ. ಹಾಜರಿಯ ವಿವರವನ್ನು ಶಾಲೆಯವರು ಹೇಗೂ ವಿದ್ಯಾರ್ಥಿಗಳ ದಾಖಲೆ ಇಡುವ ಇಲಾಖೆಯ ಎಸ್‌ಎಟಿಎಸ್ ತಂತ್ರಾಂಶಕ್ಕೆ ತುಂಬುತ್ತಾರೆ. ನೋಟಿಸಿಗೆ ಸಹಿ ಮಾಡುವ ಮೊದಲು ಅಧಿಕಾರಿಗಳು ಅದನ್ನೊಮ್ಮೆ ತೆರೆದು ನೋಡಬಹುದು.

ಇಂತಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ, ಯಾದಗಿರಿ ಜಿಲ್ಲೆ