ಒಂದೇ ಸಂಚಿಕೆಗೆ ಬಂದು ಹೋದವರು

ಪ್ರಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ಇನ್ನೂ ತಲೆಯಲ್ಲೇ ಇದೆ. "ಸೂಪರ್ ಹೀರೋ ಕಾಮಿಕ್ಸ್ ಓದೋಣ ಅಂದ್ರೆ ಎಲ್ಲಿಂದ ಶುರು ಮಾಡೋದು ಮಾರಾಯ? ಸತ್ತವನು ಸತ್ತಿರಲ್ಲ, ಮುಗಿದಿದ್ದು ಮುಗಿದಿರಲ್ಲ" ಅಂದೆ. ನಿಜ ಕಣೋ. 1992ರ ನವೆಂಬರಿನಲ್ಲಿ ಡಿಸಿ ಕಂಪನಿ ಸೂಪರ್‌ಮ್ಯಾನ್‌ನನ್ನೇ ಕೊಂದಿತು. 'ಸೂಪರ್‌ಮ್ಯಾನ್' 75ನೇ ಸಂಚಿಕೆ. ಕಪ್ಪು ಚೀಲದಲ್ಲಿ ಹಾಕಿ ಮಾರಿದರು, ತೋಳಿಗೆ ಕಟ್ಟಿಕೊಳ್ಳಲು ಒಂದು ಕಪ್ಪು ಪಟ್ಟಿ ಬೇರೆ ಕೊಟ್ಟರು. ಜನ ಅಂಗಡಿ ಮುಂದೆ ಸಾಲು ನಿಂತು ಕೊಂಡರು. ಮುಂದಿನ ವರ್ಷ ಪುಣ್ಯಾತ್ಮ ಉದ್ದ ಕೂದಲು ಬಿಟ್ಟುಕೊಂಡು ವಾಪಸ್ ಬಂದ! ತಿಥಿ ಊಟ ಮಾಡಿ ಬಂದವರಿಗೆ ಹೇಗಾಗಿರಬೇಡ ಹೇಳು.

ಸ್ಪೈಡರ್‌ಮ್ಯಾನ್ ಕಥೆಯೂ ಅಷ್ಟೆ. 1987ರಲ್ಲಿ ಮದುವೆ ಮಾಡಿಸಿದರು. 20 ವರ್ಷ ಸಂಸಾರ ಮಾಡಿದ ಮೇಲೆ, ಮೆಫಿಸ್ಟೋ ಅನ್ನುವ ಸೈತಾನನ ಜೊತೆ ಒಪ್ಪಂದ ಮಾಡಿಸಿ, ಆ ಮದುವೆ ಆಗಿಯೇ ಇಲ್ಲ ಅಂತ ಮಾಡಿಬಿಟ್ಟರು. ಹೀರೋ ಅಂದರೆ ಕಂಪನಿಯ ಆಸ್ತಿ. ಅವನು ಮುಂದಿನ ತಿಂಗಳೂ ಅಂಗಡಿಯಲ್ಲಿ ಇರಲೇಬೇಕು. ಹಾಗಾಗಿ ಅವನಿಗೆ ಏನೇ ಆದರೂ ಅದು ಆಗಿದ್ದು ಅಂತ ನಂಬುವ ಹಾಗಿಲ್ಲ.

ಅದಕ್ಕೇ ನಿನಗೆ ದೊಡ್ಡ ದೊಡ್ಡ ಸಂಪುಟ ಹೇಳಲ್ಲ. ಒಂದೇ ಸಂಚಿಕೆಯಲ್ಲಿ ಮುಗಿಯುವ ಬಿಡಿ ಕಥೆಗಳನ್ನು ಮಾತ್ರ ಹೇಳ್ತೀನಿ. ಹಿಂದಿನದು ಗೊತ್ತಿರಬೇಕಿಲ್ಲ, ಮುಂದಿನದಕ್ಕೆ ಕಾಯಬೇಕಿಲ್ಲ. ಇಂಥವನ್ನು ಓದ್ತಾ ಓದ್ತಾ ನನಗೆ ಒಂದು ವಿಷಯ ಕಾಣಿಸಿದೆ. ಒಳ್ಳೆಯ ಬಿಡಿ ಕಥೆಯಲ್ಲಿ ಮುಖ್ಯವಾದವನು ಹೀರೋ ಆಗಿರುವುದೇ ಕಡಿಮೆ. ಆ ಒಂದು ಸಂಚಿಕೆಗೆ ಅಂತ ಬಂದು ಹೋಗುವ ಯಾರೋ ಒಬ್ಬರು ಇರುತ್ತಾರೆ, ಕಥೆ ಅವರದು. ಯಾಕಂದರೆ ಅವರನ್ನು ಉಳಿಸಿಕೊಳ್ಳಬೇಕಾದ ಹಂಗು ಕಂಪನಿಗಿಲ್ಲ. ಅವರು ಸತ್ತರೆ ಸತ್ತ ಹಾಗೆ.

ಮೊದಲು ಓದಬೇಕಾದ್ದು 'ದಿ ಕಿಡ್ ಹೂ ಕಲೆಕ್ಟ್ಸ್ ಸ್ಪೈಡರ್‌ಮ್ಯಾನ್'. 1984ರ ಜನವರಿಯ 'ಅಮೇಜಿಂಗ್ ಸ್ಪೈಡರ್‌ಮ್ಯಾನ್' 248ನೇ ಸಂಚಿಕೆ. ಬರೆದವರು ರೋಜರ್ ಸ್ಟರ್ನ್, ಚಿತ್ರ ರಾನ್ ಫ್ರೆಂಜ್ ಅವರದು. ಆ ಸಂಚಿಕೆಯ ಮುಖ್ಯ ಕಥೆ ಥಂಡರ್‌ಬಾಲ್ ಅನ್ನುವ ವಿಲನ್ ಜೊತೆಗಿನ ಫೈಟು. ಅದನ್ನು ಈಗ ಯಾರೂ ನೆನಪಿಸಿಕೊಳ್ಳಲ್ಲ. ಇದು ಅದರ ಹಿಂದೆ ಸೇರಿಸಿದ್ದು, ಬರೀ 11 ಪುಟ. 

ಟಿಮ್ ಹ್ಯಾರಿಸನ್ ಅನ್ನುವ ಒಂಬತ್ತು ವರ್ಷದ ಹುಡುಗ. ಸ್ಪೈಡರ್‌ಮ್ಯಾನ್ ಬಗ್ಗೆ ಪೇಪರಿನಲ್ಲಿ ಬಂದಿದ್ದನ್ನೆಲ್ಲ ಕತ್ತರಿಸಿ ಅಂಟಿಸಿ ಇಟ್ಟುಕೊಂಡಿದ್ದಾನೆ. ಒಂದು ರಾತ್ರಿ ಸಾಕ್ಷಾತ್ ಸ್ಪೈಡರ್‌ಮ್ಯಾನೇ ಕಿಟಕಿಯಿಂದ ಒಳಗೆ ಬರುತ್ತಾನೆ. ಇಬ್ಬರೂ ಕೂತು ಮಾತಾಡುತ್ತಾರೆ. ಅಷ್ಟೇ ಕಥೆ. ಆ ಬಲೆ ಹೇಗೆ ಚಿಮ್ಮುತ್ತೆ, ಈ ಶಕ್ತಿ ಹೇಗೆ ಬಂತು ಅಂತ ಹುಡುಗ ಕೇಳುತ್ತಾನೆ, ಇವನು ಹೇಳುತ್ತಾನೆ. ಮಧ್ಯೆ ಮಧ್ಯೆ ಒಬ್ಬ ಪತ್ರಕರ್ತನ ಅಂಕಣದ ಸಾಲುಗಳು ಬರುತ್ತವೆ, ಹುಡುಗನನ್ನು ನಮಗೆ ಪರಿಚಯ ಮಾಡಿಕೊಡುವ ಹಾಗೆ. ಮಾತಾಡ್ತಾ ಆಡ್ತಾ ಸ್ಪೈಡರ್‌ಮ್ಯಾನ್ ತನ್ನ ಅಂಕಲ್ ಬೆನ್ ಸತ್ತ ವಿಷಯಕ್ಕೆ ಬರುತ್ತಾನೆ. ಕೈಗೆ ಸಿಕ್ಕಿದ ಕಳ್ಳನನ್ನು ನನಗ್ಯಾಕೆ ಅಂತ ಬಿಟ್ಟಿದ್ದು, ಅವನೇ ಹೋಗಿ ಅಂಕಲ್‌ನನ್ನು ಕೊಂದಿದ್ದು, ಎಲ್ಲ ಹೇಳಿಕೊಳ್ಳುತ್ತಾನೆ. ಹುಡುಗ ಕೊನೆಗೆ ಕೇಳುತ್ತಾನೆ: ನಿಜವಾಗಿ ನೀನು ಯಾರು?

ಈ ಪ್ರಶ್ನೆಗೆ ಉತ್ತರ ಸಿಗಲಿ ಅಂತ ಎಷ್ಟು ವಿಲನ್‌ಗಳು ಎಷ್ಟು ವರ್ಷ ಒದ್ದಾಡಿದ್ದಾರೆ ಗೊತ್ತಾ? ಇವನು ಒಂದು ಗಳಿಗೆ ತಡೆದು, ಮುಖವಾಡ ತೆಗೆದು, ಹೆಸರು ಹೇಳುತ್ತಾನೆ. ಪೀಟರ್ ಪಾರ್ಕರ್. ಆ ಹೆಸರು ಹುಡುಗನಿಗೆ ಗೊತ್ತು! ಇವನು ಪೇಪರಿಗೆ ಫೋಟೋ ತೆಗೆದುಕೊಡುವವನು, ಆ ಫೋಟೋಗಳ ಕೆಳಗೆ ಹೆಸರು ಇರುತ್ತಿತ್ತಲ್ಲ. ಯಾರಿಗೂ ಹೇಳಲ್ಲ ಅಂತ ಮಾತು ಕೊಡುತ್ತಾನೆ. ತಬ್ಬಿಕೊಳ್ಳುತ್ತಾನೆ.

ಕೊನೆ ಹೇಳಿಬಿಡ್ತೀನಿ, ಬೈಬೇಡ. ಗೊತ್ತಿದ್ದರೂ ಕಥೆ ಕೆಡಲ್ಲ. ಅಲ್ಲಿಯವರೆಗೂ ನಾವು ರೂಮಿನ ಒಳಗೇ ಇರುತ್ತೇವೆ. ಮಂಚ, ಹುಡುಗ, ಅವನ ಪುಸ್ತಕಗಳು. ಯಾರ ಮನೆಯಲ್ಲಾದರೂ ಇರಬಹುದಾದ ರೂಮು. ಕೊನೆಯ ಪುಟದಲ್ಲಿ ಸ್ಪೈಡರ್‌ಮ್ಯಾನ್ ಹೊರಗೆ ಬಂದಾಗ ಮೊದಲ ಸಲ ಕಟ್ಟಡ ಕಾಣುತ್ತದೆ, ಗೇಟಿನ ಹತ್ತಿರದ ಬೋರ್ಡೂ ಕಾಣುತ್ತದೆ. ಅದು ಕ್ಯಾನ್ಸರ್ ಆಸ್ಪತ್ರೆ. ಹುಡುಗನಿಗೆ ಲ್ಯುಕೇಮಿಯಾ, ಇನ್ನು ಕೆಲವೇ ವಾರ ಅಂತ ಅಂಕಣ ಮುಗಿಯುತ್ತದೆ. ಕ್ಯಾನ್ಸರ್ ಮಗುವಿನ ಕಥೆ ಬರೆದು ಅಳಿಸೋದು ಏನು ಮಹಾ ಅಂತ ನೀನು ಕೇಳ್ತೀಯ, ಗೊತ್ತು. ಆದರೆ ನೋಡು, ಕಾಯಿಲೆಯ ಮಾತು ಮೊದಲೇ ಬಂದಿದ್ದರೆ ನಾವು ಅಷ್ಟೂ ಪುಟ ಕರುಣೆಯಿಂದ ಓದುತ್ತಿದ್ದೆವು. ಸ್ಟರ್ನ್ ಅದಕ್ಕೆ ಜಾಗವನ್ನೇ ಕೊಡಲಿಲ್ಲ. ಹುಡುಗ ಕೊನೆಯವರೆಗೂ ಒಬ್ಬ ಅಭಿಮಾನಿ, ಅಷ್ಟೆ. ಹೇಗೂ ಸಾಯೋನು, ಗುಟ್ಟು ಹೊರಗೆ ಹೋಗಲ್ಲ ಅಂತ ಹೇಳಿದ ಅನ್ನುವವರೂ ಇರಬಹುದು. ನನಗೆ ಹಾಗನ್ನಿಸಲ್ಲ. ಒಬ್ಬರಿಗಾದರೂ ಹೇಳಿಕೊಳ್ಳಬೇಕು ಅನ್ನುವುದು ಆ ರಾತ್ರಿ ಹುಡುಗನಿಗಿಂತ ಇವನಿಗೇ ಜಾಸ್ತಿ ಬೇಕಿತ್ತು.

ಎರಡನೆಯದು ಹಳೆಯದು. 1966ರ ಜೂನ್, 'ಫೆಂಟಾಸ್ಟಿಕ್ ಫೋರ್' 51, 'ದಿಸ್ ಮ್ಯಾನ್... ದಿಸ್ ಮಾನ್‌ಸ್ಟರ್!'. ಸ್ಟಾನ್ ಲೀ ಮತ್ತು ಜ್ಯಾಕ್ ಕರ್ಬಿ ಜೋಡಿ. ಇದರ ಹಿಂದಿನ ಮೂರು ಸಂಚಿಕೆಗಳಲ್ಲಿ ಗ್ರಹಗಳನ್ನೇ ನುಂಗುವ ಗಲ್ಯಾಕ್ಟಸ್ ಬಂದು ಹೋಗಿದ್ದ. ಅಷ್ಟು ದೊಡ್ಡ ಗಲಾಟೆ ಆದಮೇಲೆ ಈ ಸಂಚಿಕೆ ಶುರುವಾಗುವುದು ಮಳೆಯಲ್ಲಿ ನಿಂತ ಒಬ್ಬ ಮನುಷ್ಯನಿಂದ. ಮನುಷ್ಯ ಅಂದೆ, ನೋಡಲು ಕಲ್ಲುಬಂಡೆ. ಅವನೇ ಬೆನ್ ಗ್ರಿಮ್, 'ಥಿಂಗ್'. ಮೊದಲ ಪುಟ ಪೂರ್ತಿ ಅವನೊಬ್ಬನೇ, ಮಳೆ ಸುರೀತಾ ಇದೆ, ತಲೆ ತಗ್ಗಿಸಿದ್ದಾನೆ. ಆ ಒಂದು ಪುಟಕ್ಕಾಗಿಯೇ ಕರ್ಬಿಗೆ ಕೈ ಮುಗಿಯಬೇಕು.

ಒಬ್ಬ ವಿಜ್ಞಾನಿ ಅವನನ್ನು ಮನೆಗೆ ಕರೆದು, ಕುಡಿಯಲು ಕೊಟ್ಟು, ಮಂಪರು ಬರಿಸಿ, ಯಂತ್ರದಿಂದ ಅವನ ರೂಪವನ್ನೂ ಬಲವನ್ನೂ ಕದಿಯುತ್ತಾನೆ. ಬೆನ್‌ಗೆ ಮೊದಲಿನ ಮೈ ವಾಪಸ್ ಸಿಗುತ್ತದೆ. ಕಳ್ಳ ಥಿಂಗ್ ವೇಷದಲ್ಲಿ, ಫೆಂಟಾಸ್ಟಿಕ್ ಫೋರ್ ತಂಡದ ನಾಯಕನೂ ಬೆನ್‌ನ ಗೆಳೆಯನೂ ಆದ ವಿಜ್ಞಾನಿ ರೀಡ್ ರಿಚರ್ಡ್ಸ್‌ನ ಮನೆ ಸೇರುತ್ತಾನೆ. ರೀಡ್‌ಗೆ ಸಿಕ್ಕ ಹೆಸರು ತನಗೆ ಸಿಗಲಿಲ್ಲ ಅನ್ನುವ ಹೊಟ್ಟೆಕಿಚ್ಚು ಅವನಿಗೆ. ರೀಡ್ ಒಂದು ಅಪಾಯದ ಪ್ರಯೋಗಕ್ಕೆ ಬೇರೆ ಆಯಾಮದೊಳಗೆ ಇಳಿಯುವಾಗ ಹಗ್ಗದ ತುದಿಯನ್ನು ಗೆಳೆಯನ ಕೈಗೆ ಕೊಡುತ್ತಾನೆ. ಗೆಳೆಯ ಅಂದುಕೊಂಡು, ಇವನ ಕೈಗೆ! ಬಿಟ್ಟರೆ ಸಾಕು, ಕೆಲಸ ಆಯ್ತು. ಇವನು ಬಿಡಲ್ಲ. ಈ ರೀಡ್ ಹೆಸರಿಗಾಗಿ ಸಾಯೋಕೆ ಹೋಗ್ತಿಲ್ಲ, ಕೆಲಸಕ್ಕಾಗಿ ಹೋಗ್ತಿದ್ದಾನೆ ಅಂತ ಅವನಿಗೆ ಅಷ್ಟು ಹೊತ್ತಿಗೆ ಗೊತ್ತಾಗಿರುತ್ತದೆ. ಕೊನೆಗೆ ತಾನೇ ಒಳಗೆ ಹೋಗಿ, ರೀಡ್‌ನನ್ನು ಈಚೆ ಎಸೆದು, ತಾನು ಅಲ್ಲೇ ಉಳಿಯುತ್ತಾನೆ.

ಅದೇ ಹೊತ್ತಿಗೆ ಇತ್ತ ಬೆನ್ ತನ್ನ ಪ್ರೇಯಸಿ ಅಲಿಷಿಯಾಳ ಮನೆ ಬಾಗಿಲಲ್ಲಿರುತ್ತಾನೆ. ಅಲ್ಲೇ ಮೈ ಮತ್ತೆ ಕಲ್ಲಾಗುತ್ತದೆ. ಬಾಗಿಲು ತಟ್ಟದೆ ವಾಪಸ್ ಹೋಗುತ್ತಾನೆ. ಧಾರಾವಾಹಿಯ ನಿಯಮ ಇದು: ಹೀರೋ ಎಲ್ಲಿದ್ದನೋ ಅಲ್ಲಿಗೇ ಬರಬೇಕು. ಬದಲಾದವನು ಆ ವಿಜ್ಞಾನಿ ಒಬ್ಬನೇ. ಅವನಿಗೆ ಈ ಸಂಚಿಕೆಯಲ್ಲಿ ಒಂದು ಹೆಸರೂ ಇಟ್ಟಿಲ್ಲ ನೋಡು. ಹೆಸರಿಗಾಗಿ ಸಾಯ್ತಾ ಇದ್ದವನು!

ಇನ್ನೂ ಹಿಂದಕ್ಕೆ ಹೋದರೆ ವಿಲ್ ಐಸ್ನರ್ ಸಿಗುತ್ತಾರೆ. ಸ್ಪಿರಿಟ್ ಅನ್ನುವ ಮುಖವಾಡದ ಪತ್ತೇದಾರನ ಕಥೆಗಳ ಅವರ 'ದಿ ಸ್ಪಿರಿಟ್' ಪೇಪರಿನ ಜೊತೆ ಭಾನುವಾರದ ಪುರವಣಿಯಾಗಿ ಬರುತ್ತಿತ್ತು, ಕಥೆಗೆ 7 ಪುಟ. 1948ರ ಸೆಪ್ಟೆಂಬರ್ 5ರ ಕಥೆ ಗೆರ್ಹಾರ್ಡ್ ಶ್ನಾಬಲ್ ಅನ್ನುವವನದು. ಚಿಕ್ಕಂದಿನಲ್ಲಿ ಅವನಿಗೆ ಹಾರಲು ಬರುತ್ತೆ ಅಂತ ಗೊತ್ತಾಗುತ್ತದೆ. ಅಪ್ಪ ಅಮ್ಮ ಗದರುತ್ತಾರೆ, ಇನ್ನೊಂದು ಸಲ ಹೀಗೆ ಮಾಡಬೇಡ ಅಂತ. ಅವನು ಮರೆತೇಬಿಡುತ್ತಾನೆ. ಬ್ಯಾಂಕಿನಲ್ಲಿ ಕಾವಲು ಕೆಲಸ ಮಾಡಿಕೊಂಡು ಮುದುಕನಾಗುತ್ತಾನೆ, ಆ ಕೆಲಸವೂ ಹೋಗುತ್ತದೆ. ಆಗ ನೆನಪಾಗುತ್ತದೆ. ಎತ್ತರದ ಕಟ್ಟಡ ಹತ್ತಿ, ಎಲ್ಲರೂ ನೋಡಲಿ ಅಂತ ಹಾರುತ್ತಾನೆ. ಅದೇ ಮಾಳಿಗೆಯಲ್ಲಿ ಸ್ಪಿರಿಟ್‌ಗೂ ಕಳ್ಳರಿಗೂ ಹೊಡೆದಾಟ ನಡೆದಿದೆ. ಗುರಿ ತಪ್ಪಿದ ಗುಂಡೊಂದು ಇವನಿಗೆ ಬೀಳುತ್ತದೆ. ಕೆಳಗೆ ನೆರೆದವರಿಗೆ ಕಂಡದ್ದು ಬಿದ್ದ ಹೆಣ ಮಾತ್ರ. ಅವನು ಹಾರಿದ್ದು ಯಾರಿಗೂ ಗೊತ್ತಿಲ್ಲ. ಹೀರೋಗೂ ಗೊತ್ತಿಲ್ಲ.

ಎಲ್ಲರೂ ಹೊಗಳುವ ಕೆಲವು ನನಗೆ ಅಷ್ಟಕ್ಕಷ್ಟೇ. 2001ರ 'ಆ್ಯಕ್ಷನ್ ಕಾಮಿಕ್ಸ್' 775 ಓದು, ಆದರೆ ಸೂಪರ್‌ಮ್ಯಾನ್ ಬಾಯಲ್ಲಿ ಭಾಷಣ ಜಾಸ್ತಿ ಆಯ್ತು. ಡೇವಿಡ್ ಆಹಾ ಚಿತ್ರ ಬರೆದ 'ಹಾಕ್‌ಐ' 11, ನಾಯಿಯ ಕಣ್ಣಿನಿಂದ ಹೇಳಿದ್ದು, ನೋಡೋಕೆ ಅದ್ಭುತ. ನಾಯಿಗೆ ಅರ್ಥವಾಗುವ ನಾಲ್ಕು ಮಾತು ಬಿಟ್ಟರೆ ಮನುಷ್ಯರ ಮಾತೆಲ್ಲ ಗೀಚು ಗೀಚು. ಆದರೆ ಹಿಂದಿನ ಸಂಚಿಕೆ ಗೊತ್ತಿಲ್ಲದಿದ್ದರೆ ಅರ್ಧ ತಪ್ಪಿಹೋಗುತ್ತೆ. ಅಲನ್ ಮೂರ್ ಮತ್ತು ಡೇವ್ ಗಿಬನ್ಸ್ ಅವರ 1985ರ ಸೂಪರ್‌ಮ್ಯಾನ್ ವಾರ್ಷಿಕ ಸಂಚಿಕೆಯಲ್ಲಿ ಮಾಂಗಲ್ ಅನ್ನುವ ವಿಲನ್ ಜೊತೆಗಿನ ಫೈಟನ್ನು ಬೇಗ ಬೇಗ ತಿರುವಿಹಾಕು. ಚಿನ್ನ ಇರುವುದು ಕ್ರಿಪ್ಟನ್, ಅಂದರೆ ಸೂಪರ್‌ಮ್ಯಾನ್ ಹುಟ್ಟಿದ ಗ್ರಹದ ಪುಟಗಳಲ್ಲಿ. ಮಾಯೆಯ ಗಿಡವೊಂದು ಅವನಿಗೆ ಹೆಂಡತಿ ಮಗು ಇರುವ ಒಂದು ಕನಸು ಕೊಟ್ಟಿರುತ್ತದೆ. ಎಚ್ಚರಾಗಬೇಕಾದರೆ ಮಗನನ್ನು ಕೂರಿಸಿಕೊಂಡು, ನೀನು ನಿಜ ಅಲ್ಲ ಕಂದ ಅಂತ ಹೇಳಬೇಕು. ಹೇಳುತ್ತಾನೆ.

'ಹಿಟ್‌ಮ್ಯಾನ್' 34 ಬಗ್ಗೆ ನಮ್ಮಿಬ್ಬರಿಗೂ ಜಗಳ ಆಗೋದು ಖಂಡಿತ. ಗಾರ್ತ್ ಎನಿಸ್ ಬರೆದದ್ದು, ಜಾನ್ ಮೆಕ್ರೀ ಚಿತ್ರ, 1999ರಲ್ಲಿ ಅತ್ಯುತ್ತಮ ಬಿಡಿ ಸಂಚಿಕೆ ಅಂತ ಐಸ್ನರ್ ಪ್ರಶಸ್ತಿ (ಆಗಲೇ ಹೇಳಿದ ವಿಲ್ ಐಸ್ನರ್ ಹೆಸರಿನ ಕಾಮಿಕ್ಸ್ ಪ್ರಶಸ್ತಿ) ಬಂತು. ದುಡ್ಡಿಗೆ ಕೊಲೆ ಮಾಡುವ ಟಾಮಿ ಗಾಥಮ್ ಊರಿನ ಒಂದು ಮಾಳಿಗೆಯ ಮೇಲೆ ಸೂಪರ್‌ಮ್ಯಾನ್‌ನನ್ನು ಕಾಣುತ್ತಾನೆ. ಅವನು ಸಪ್ಪಗೆ ನಿಂತಿದ್ದಾನೆ, ಬಾಹ್ಯಾಕಾಶದಲ್ಲಿ ಒಬ್ಬನನ್ನು ಉಳಿಸಲಾಗಲಿಲ್ಲ ಅಂತ. ಕೊಲೆಗಡುಕ ಅವನಿಗೆ ಸಮಾಧಾನ ಹೇಳುತ್ತಾನೆ. ಹೇಳುವುದು ಸರಿಯಾಗಿಯೇ ಹೇಳುತ್ತಾನೆ, ಅದೇ ತಮಾಷೆ.

ಕೊನೆಗೆ ಉಳಿಸಿಕೊಂಡಿದ್ದು 'ದಿ ನಿಯರ್‌ನೆಸ್ ಆಫ್ ಯೂ'. 1996ರ 'ಆ್ಯಸ್ಟ್ರೋ ಸಿಟಿ'. ಸಂಚಿಕೆ ನಂಬರು ಅರ್ಧ! ಹೌದು, 1/2. ಬರೆದವರು ಕರ್ಟ್ ಬ್ಯೂಸಿಕ್, ಚಿತ್ರ ಬ್ರೆಂಟ್ ಆಂಡರ್ಸನ್. ಸೂಪರ್ ಹೀರೋಗಳಿರುವ ಊರಿನಲ್ಲಿ ಮೈಕಲ್ ಅನ್ನುವ ಸಾಮಾನ್ಯ ಮನುಷ್ಯ. ದಿನಾ ರಾತ್ರಿ ಕನಸಿನಲ್ಲಿ ಒಬ್ಬಳು ಬರುತ್ತಾಳೆ. ಹೆಸರು ಮಿರಾಂಡಾ. ಅವಳ ಬಗ್ಗೆ ಎಲ್ಲವೂ ಗೊತ್ತು, ಆದರೆ ಅವಳನ್ನು ಎಂದೂ ಕಂಡೇ ಇಲ್ಲ. ಗುರುತಿನವರನ್ನೆಲ್ಲ ಕೇಳುತ್ತಾನೆ, ಯಾರಿಗೂ ಗೊತ್ತಿಲ್ಲ. ಕೊನೆಗೆ ಹ್ಯಾಂಗ್ಡ್ ಮ್ಯಾನ್ ಅನ್ನುವ, ದೆವ್ವದ ಹಾಗಿರುವ ಹೀರೋ ಬಂದು ಹೇಳುತ್ತಾನೆ. ಒಬ್ಬ ವಿಲನ್ ಕಾಲವನ್ನೇ ಕೆಡಿಸಿದ್ದ. ಹೀರೋಗಳೆಲ್ಲ ಸೇರಿ ಸರಿ ಮಾಡಿದರು. ಸರಿ ಮಾಡುವಾಗ ಒಂದು ಸಣ್ಣ ವ್ಯತ್ಯಾಸ ಉಳಿಯಿತು. ಮಿರಾಂಡಾಳ ಅಜ್ಜ ಅಜ್ಜಿ ಭೇಟಿಯೇ ಆಗಲಿಲ್ಲ. ಅವಳು ಹುಟ್ಟಲೇ ಇಲ್ಲ. ಅವಳು ನಿನ್ನ ಹೆಂಡತಿಯಾಗಿದ್ದಳು.

ದೊಡ್ಡ ಕಂಪನಿಗಳು ಮಾಡುವ ಕೆಲಸವೇ ಇದು. 1985ರಲ್ಲಿ ಡಿಸಿಯವರು ತಮ್ಮ ಕಥೆಗಳು ನಡೆಯುತ್ತಿದ್ದ ಬೇರೆ ಬೇರೆ ಹಳೆಯ ಲೋಕಗಳನ್ನೆಲ್ಲ ಗುಡಿಸಿ ಒಂದೇ ಲೋಕ ಮಾಡಲು ಹೊರಟಿದ್ದರು. ನಾವು ಹೀರೋಗಳಿಗೆ ಏನಾಯಿತು ಅಂತ ಲೆಕ್ಕ ಹಾಕುತ್ತಾ ಕೂತಿದ್ದೆವು. ಅದೇ ಕೆಲಸವನ್ನು ಬೀದಿಯ ಒಬ್ಬ ಮನುಷ್ಯನ ಮಂಚದ ಪಕ್ಕದಿಂದ ನೋಡಿದವರು ಬ್ಯೂಸಿಕ್. ಹ್ಯಾಂಗ್ಡ್ ಮ್ಯಾನ್ ಕೇಳುತ್ತಾನೆ, ಬೇಕಿದ್ದರೆ ಮರೆಸಿಬಿಡ್ತೀನಿ, ಬೇಡವಾದರೆ ನೆನಪಿಟ್ಟುಕೋ. ಮೈಕಲ್ ನೆನಪೇ ಇರಲಿ ಅನ್ನುತ್ತಾನೆ. ಆಮೇಲೆ ಹೊರಡುವವನನ್ನು ತಡೆದು, ನನ್ನಂಥವರು ಬೇರೆಯವರೂ ಇರಬೇಕಲ್ಲ, ಅವರು ಏನು ಆರಿಸಿಕೊಂಡರು ಅಂತ ಕೇಳುತ್ತಾನೆ. ಆ ಉತ್ತರ ಇಲ್ಲಿ ಬರೆಯಲ್ಲ. ಟಿಮ್ ಕಥೆಯ ಕೊನೆ ಹೇಳಿದ್ದಕ್ಕೆ ಇದಾದರೂ ಉಳಿಯಲಿ.

ಇದು 'ಕನ್‌ಫೆಷನ್' ಅನ್ನುವ ಆ್ಯಸ್ಟ್ರೋ ಸಿಟಿ ಸಂಪುಟದಲ್ಲಿ ಸೇರಿದೆ. ನನ್ನ ಪ್ರತಿ ಮುಂದಿನ ವಾರ ಕೊರಿಯರ್ ಮಾಡ್ತೀನಿ. ಬೇರೆ ಕಥೆಗಳನ್ನು ಆಮೇಲೆ ಓದು, ಮೊದಲು ಇದನ್ನೇ ತೆಗಿ. ಪುಸ್ತಕ ನಿನ್ನ ಭಾವಮೈದನ ಕೈಗೆ ಮಾತ್ರ ಕೊಡಬೇಡ, ಹೋದ ಸಲದ ಪುಸ್ತಕ ಇನ್ನೂ ಬಂದಿಲ್ಲ. ಹಿಟ್‌ಮ್ಯಾನ್ ಜಗಳ ಪತ್ರದಲ್ಲಿ ಮುಗಿಯೋದಲ್ಲ, ಓದಿದ ದಿನವೇ ಫೋನ್ ಮಾಡು.

ಇಂತಿ ನಿನ್ನ
ಗೆಳೆಯ