ಹೂಳೆತ್ತುವ ಮೊದಲು ಪರೀಕ್ಷಿಸಿ: ಜಲಸಂಪನ್ಮೂಲ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನದಿಯ ಹೂಳೆತ್ತುವ ಟೆಂಡರ್ ಕಾಗದಗಳನ್ನು ಒಮ್ಮೆ ತರಿಸಿಕೊಂಡು ಓದಿ. ಎಷ್ಟು ಘನ ಮೀಟರ್ ತೆಗೆಯಬೇಕು, ದರವೆಷ್ಟು, ಗಡುವು ಯಾವಾಗ ಎಂಬುದೆಲ್ಲ ಅಚ್ಚುಕಟ್ಟಾಗಿರುತ್ತದೆ. ತೆಗೆದ ಹೂಳಿನಲ್ಲಿ ಏನಿದೆ, ಅದು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಬಂದಾಗ ಮಾತ್ರ ಒಂದೇ ಸಾಲಿನಲ್ಲಿ ಕೈತೊಳೆದುಕೊಳ್ಳಲಾಗುತ್ತದೆ.

ಕಾರ್ಖಾನೆಗಳ ಕೆಳಗಿನ ಹರಿವಿನಲ್ಲಿ ನದಿತಳಕ್ಕೆ ಕೊಳವೆ ಇಳಿಸಿ ತೆಗೆದ ಮಾದರಿಯನ್ನು ಉದ್ದಕ್ಕೆ ಸೀಳಿದರೆ ಮೇಲೆ ತೆಳುವಾದ ಕಂದು ಪದರ, ಅದರಡಿ ಕೊಳೆತ ಮೊಟ್ಟೆಯ ವಾಸನೆಯ ಕಪ್ಪು ಕೆಸರು ಕಾಣುತ್ತದೆ. ಗಾಳಿ ತಾಗದ ಆ ಕೆಸರಿನಲ್ಲಿ ಸೀಸ, ಕ್ಯಾಡ್ಮಿಯಂ, ಸತುವು ಗಂಧಕದೊಂದಿಗೆ ಬೆಸೆದುಕೊಂಡು ಬಹುಮಟ್ಟಿಗೆ ಕದಲದೆ ಕುಳಿತಿರುತ್ತವೆ. ಅದನ್ನೇ ದಡದ ಮೇಲೆ ಹರಡಿದರೆ ಸಲ್ಫೈಡುಗಳು, ಅಂದರೆ ಗಂಧಕದ ಈ ಸಂಯುಕ್ತಗಳು, ಗಾಳಿಯೊಂದಿಗೆ ವರ್ತಿಸಿ ಆಮ್ಲ ಹುಟ್ಟಬಹುದು. ಕಟ್ಟು ಬಿಚ್ಚಿದ ಲೋಹಗಳು ಮಳೆ ನೀರಿನೊಂದಿಗೆ ಹೊಲಕ್ಕೋ ಬಾವಿಗೋ ಇಳಿಯಬಹುದು. ಹೂಳಿನಿಂದ ಬಸಿಯುವ ನೀರನ್ನು ಯಾರೂ ಅಳೆಯುವುದೇ ಇಲ್ಲ.

ಹಾಗೆಂದು ಹೂಳೆಲ್ಲ ವಿಷವಲ್ಲ. ಮಾಲಿನ್ಯ ಹೆಚ್ಚಾಗಿ ಅಂಟಿಕೊಳ್ಳುವುದು 0.063 ಮಿಲಿಮೀಟರ್‌ಗಿಂತ ಸಣ್ಣ ಕಣಗಳಿಗೆ, ಅಂದರೆ ಮರಳಿಗಿಂತ ಕೆಸರಿಗೆ. ಹ್ಯಾಂಬರ್ಗ್ ಬಂದರಿನಲ್ಲಿ ಮರಳನ್ನೂ ಕೆಸರನ್ನೂ ಬೇರ್ಪಡಿಸುವ ಘಟಕ 1993ರಲ್ಲೇ ಶುರುವಾಯಿತು. ರಾಟರ್‌ಡ್ಯಾಮ್‌ನಲ್ಲಿ ಕಲುಷಿತ ಹೂಳಿಗೆಂದೇ ಸ್ಲುಫ್ಟರ್ ಎಂಬ ಪ್ರತ್ಯೇಕ ಸಂಗ್ರಹಾಗಾರವಿದೆ. ಸಮುದ್ರಕ್ಕೆ ಹೂಳು ಸುರಿಯುವ ಮೊದಲು ಅದರಲ್ಲೇನಿದೆ, ಮರುಬಳಕೆ ಸಾಧ್ಯವೇ ಎಂದು ಪರಿಶೀಲಿಸಬೇಕೆಂದು ಸಮುದ್ರಕ್ಕೆ ತ್ಯಾಜ್ಯ ಸುರಿಯುವುದನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದವಾದ 1996ರ ಲಂಡನ್ ಪ್ರೋಟೊಕಾಲ್ ಹೇಳುತ್ತದೆ. ಸಮುದ್ರಕ್ಕಿರುವ ಈ ಕಾವಲು ನದಿದಂಡೆಗೆ ಬೇಡವೇ?

ಹಣ ಪಾವತಿಯ ವಿಧಾನದಲ್ಲೂ ಎಡವಟ್ಟಿದೆ. ಘನ ಮೀಟರ್ ಲೆಕ್ಕದಲ್ಲಿ ಬಿಲ್ ಪಾಸಾಗುವಾಗ ಗುತ್ತಿಗೆದಾರನ ಕಣ್ಣು ಮರಳಿನ ಮೇಲೇ ಇರುತ್ತದೆ. ಮರಳಿಗೆ ಗಿರಾಕಿ ಇದ್ದಾರೆ, ಕಪ್ಪು ಕೆಸರಿಗೆ ಯಾರಿದ್ದಾರೆ? ಅದು ತಳದಲ್ಲೇ ಉಳಿಯುತ್ತದೆ, ಇಲ್ಲವೇ ರಾತ್ರೋರಾತ್ರಿ ಯಾವುದೋ ಹಳ್ಳಕ್ಕೆ ಬೀಳುತ್ತದೆ. ಶುದ್ಧ ಮರಳನ್ನು ಮಾತ್ರ ಸಾಗಿಸಿದರೆ ಕೆಳಗಿನ ದಂಡೆಗಳು ಬಡವಾಗುತ್ತವೆ. 1970ರಲ್ಲಿ ಪೂರ್ಣಗೊಂಡ ಆಸ್ವಾನ್ ಅಣೆಕಟ್ಟು ಮೆಕ್ಕಲನ್ನು ತಡೆದ ಮೇಲೆ ನೈಲ್ ಮುಖಜಭೂಮಿಯ ಕರಾವಳಿ ಕೊರೆತ ತೀವ್ರವಾದದ್ದು ತಮ್ಮ ಎಂಜಿನಿಯರುಗಳಿಗೆ ಗೊತ್ತಿರದ ವಿಷಯವೇನಲ್ಲ.

ಆದ್ದರಿಂದ ನಿಯಮದಲ್ಲಿ ಇಷ್ಟನ್ನು ಸೇರಿಸಿ. ಪದರವಾರು ಪರೀಕ್ಷಾ ವರದಿಯಿಲ್ಲದೆ ಟೆಂಡರ್ ಕರೆಯಬಾರದು. ಶುದ್ಧ ಮರಳಿನ ಒಂದು ಪಾಲು ಕೆಳಹರಿವಿಗೆ ಮರಳಬೇಕು. ಕಲುಷಿತ ಕೆಸರು ನೀರು ಇಂಗದ ಹಾಸಿನ ಹೊಂಡಕ್ಕೇ ಹೋಗಬೇಕು. ಅಲ್ಲಿ ತಲುಪಿದ ರಸೀದಿ ಇಲ್ಲದೆ ಕೊನೆಯ ಕಂತು ಬಿಡುಗಡೆಯಾಗಬಾರದು. ಪರೀಕ್ಷಾ ವರದಿಯನ್ನು ಕಾಮಗಾರಿ ಆರಂಭಕ್ಕೆ ಮೊದಲೇ ಆ ದಂಡೆಯ ಪಂಚಾಯಿತಿ ಕಚೇರಿಯಲ್ಲಿ ಕನ್ನಡದಲ್ಲಿ ಅಂಟಿಸಬೇಕು.

ಇತಿ,
ನದಿದಂಡೆಯ ಒಬ್ಬ ನಿವಾಸಿ